ಊಹೆ ಏನನ್ನು ನಿಷೇಧಿಸುತ್ತದೆ? ವಿಜ್ಞಾನದ ಕೆಲಸದಲ್ಲಿ ತರ್ಕವನ್ನು ಬಳಸುವ ಬಗೆ

ತರ್ಕದಿಂದ ಹೊಸ ಸಂಗತಿ ಹುಟ್ಟುವುದಿಲ್ಲ. ಒಂದು ದ್ರವ ಎಷ್ಟು ಡಿಗ್ರಿಗೆ ಕುದಿಯುತ್ತದೆ ಎಂದು ತಿಳಿಯಲು ಅದನ್ನು ಕಾಯಿಸಿ ಅಳೆಯಲೇಬೇಕು. ಕೆಲವು ಮಾತುಗಳನ್ನು ಒಪ್ಪಿದ ಮೇಲೆ ಇನ್ನು ಯಾವ ಮಾತನ್ನು ಒಪ್ಪಲೇಬೇಕು, ಯಾವುದನ್ನು ಒಪ್ಪುವಂತಿಲ್ಲ, ಯಾವುದು ಇನ್ನೂ ಇತ್ಯರ್ಥವಾಗಿಲ್ಲ ಎಂಬುದನ್ನಷ್ಟೇ ತರ್ಕ ಹೇಳುತ್ತದೆ. ಪ್ರಯೋಗಕ್ಕೆ ಕೈ ಹಾಕುವ ಮೊದಲು ಯಾವ ಅಳತೆಯಿಂದ ಪ್ರಯೋಜನವಿದೆ, ಫಲಿತಾಂಶ ಬಂದ ಮೇಲೆ ಯಾವ ಊಹೆ ಬಿತ್ತು, ವರದಿ ಬರೆಯುವಾಗ ಎಲ್ಲಿಗೆ ನಿಲ್ಲಿಸಬೇಕು ಎಂಬ ಮೂರು ಪ್ರಶ್ನೆಗಳಿಗೂ ಉತ್ತರ ಸಿಗುವುದು ಅಲ್ಲಿಯೇ.

ಈ ಲೇಖನದ ಹಂತಗಳೆಲ್ಲ ಒಂದೇ ಪ್ರಶ್ನೆಯ ಸುತ್ತ ನಿಂತಿವೆ: ನನ್ನ ಊಹೆ ನಿಜವಾದರೆ ಏನು ಕಾಣಲೇಬಾರದು? ಏನನ್ನೂ ನಿಷೇಧಿಸದ ಊಹೆಯನ್ನು ಪರೀಕ್ಷಿಸಲು ಸಾಧ್ಯವಿಲ್ಲ. ಬೇಕಾದ ಸಲಕರಣೆ ಒಂದು ನೋಟ್‌ಬುಕ್ ಮಾತ್ರ. ಒಂದು ಊಹೆಗೆ ಒಂದು ಹಾಳೆ ಮೀಸಲಿಡಿ. ಮೊದಲ ನಾಲ್ಕು ಹಂತಗಳನ್ನು ಮೊದಲ ಅಳತೆ ತೆಗೆಯುವ ಮುಂಚೆಯೇ ದಿನಾಂಕ ಹಾಕಿ ಬರೆದಿಡಿ. ಫಲಿತಾಂಶ ನೋಡಿದ ಮೇಲೆ ಬರೆದ ಮುನ್ಸೂಚನೆಗೆ ತಪ್ಪಾಗುವ ಅವಕಾಶವೇ ಇರುವುದಿಲ್ಲ, ಆದ್ದರಿಂದ ಅದಕ್ಕೆ ಬೆಲೆಯೂ ಇಲ್ಲ.

ಹಂತ 1: ಊಹೆಯನ್ನು ಒಂದೇ ವಾಕ್ಯಕ್ಕೆ ಇಳಿಸಿ, ಅದರ ನಿರಾಕರಣೆಯನ್ನೂ ಬರೆಯಿರಿ

"ಈ ಗೊಬ್ಬರ ಗಿಡಕ್ಕೆ ಒಳ್ಳೆಯದು" ಎಂಬ ವಾಕ್ಯ ನಿಜವೂ ಆಗದು, ಸುಳ್ಳೂ ಆಗದು. ಒಳ್ಳೆಯದು ಎಂದರೆ ಎತ್ತರವೋ, ತೂಕವೋ, ಕಾಯಿಗಳ ಸಂಖ್ಯೆಯೋ ಗೊತ್ತಿಲ್ಲ. "ಲೀಟರಿಗೆ 2 ಗ್ರಾಂನಂತೆ ಕರಗಿಸಿ ವಾರಕ್ಕೊಮ್ಮೆ ಈ ಗೊಬ್ಬರ ಕೊಟ್ಟ ಸಸಿಗಳ ಸರಾಸರಿ ಒಣತೂಕ, 40ನೆಯ ದಿನಕ್ಕೆ, ಕೊಡದ ಸಸಿಗಳದ್ದಕ್ಕಿಂತ ಹೆಚ್ಚಿರುತ್ತದೆ" ಎಂದು ಬರೆದರೆ ಅದು ತಪ್ಪಾಗಬಲ್ಲ ಮಾತಾಗುತ್ತದೆ.

ಅದರ ಕೆಳಗೆ ನಿರಾಕರಣೆ ಬರೆಯಿರಿ. ಎಡವುವುದು ಹೆಚ್ಚಾಗಿ ಇಲ್ಲಿಯೇ. "ಎಲ್ಲವೂ ಹೀಗಿವೆ" ಎಂಬುದರ ನಿರಾಕರಣೆ "ಯಾವುದೂ ಹೀಗಿಲ್ಲ" ಎಂಬುದಲ್ಲ, "ಹೀಗಿಲ್ಲದ್ದು ಒಂದಾದರೂ ಇದೆ" ಎಂಬುದು. "ಯಾವುದೂ ಹೀಗಿಲ್ಲ" ಎಂಬುದರ ನಿರಾಕರಣೆ "ಹೀಗಿರುವುದು ಒಂದಾದರೂ ಇದೆ". ಕನ್ನಡದಲ್ಲಿ ಬರೆಯುವವರಿಗೆ ಇನ್ನೊಂದು ತೊಡಕಿದೆ. "ಎಲ್ಲ ಲೋಹಗಳೂ ಅಯಸ್ಕಾಂತಕ್ಕೆ ಅಂಟುವುದಿಲ್ಲ" ಎಂಬ ವಾಕ್ಯವನ್ನು ಎರಡು ರೀತಿ ಓದಬಹುದು: ಯಾವ ಲೋಹವೂ ಅಂಟದು, ಅಥವಾ ಅಂಟದ ಲೋಹಗಳೂ ಇವೆ. ಕಬ್ಬಿಣ, ನಿಕಲ್, ಕೋಬಾಲ್ಟ್ ಅಂಟುತ್ತವೆ, ತಾಮ್ರ ಅಂಟುವುದಿಲ್ಲ. ಹಾಗಾಗಿ ಒಂದು ಓದು ಸುಳ್ಳು, ಇನ್ನೊಂದು ನಿಜ. ಪ್ರಯೋಗದ ಹಾಳೆಯಲ್ಲಿ ಇಂಥ ವಾಕ್ಯ ಇರಕೂಡದು. "ಯಾವ ... ವೂ" ಅಥವಾ "ಕೆಲವು" ಎಂದು ಬಿಡಿಸಿ ಬರೆಯಿರಿ.

"ಎಲ್ಲ" ಎನ್ನುವ ಊಹೆಯನ್ನು ಒಂದೇ ಒಂದು ಖಚಿತ ಅಪವಾದ ಬೀಳಿಸುತ್ತದೆ. "ಎಲ್ಲೋ ಒಂದು ಇದೆ" ಎನ್ನುವ ಊಹೆಯನ್ನು ಎಷ್ಟು ಹುಡುಕಿದರೂ ಬೀಳಿಸಲಾಗದು, ಏಕೆಂದರೆ ಹುಡುಕದ ಜಾಗ ಯಾವಾಗಲೂ ಉಳಿದಿರುತ್ತದೆ. ಆದ್ದರಿಂದ "ಇದೆ" ಎನ್ನುವ ಊಹೆಗೆ ಸ್ಥಳ, ಕಾಲ, ಪ್ರಮಾಣಗಳ ಗಡಿ ಹಾಕಿ: ಈ ಪಾತ್ರೆಯ ನೀರಿನಲ್ಲಿ, ಈ ದಿನ, ಲೀಟರಿಗೆ 1 ಮಿಲಿಗ್ರಾಂಗಿಂತ ಹೆಚ್ಚು ಇದೆ. ಈಗ ಅದೂ ಬೀಳಬಲ್ಲ ಊಹೆ.

ಹಂತ 2: "ಹೀಗಾದರೆ, ಹಾಗೆ" ಎಂಬ ವಾಕ್ಯ ಕಟ್ಟಿ, ಅದನ್ನು ಓಡಿಸಬಹುದಾದ ದಿಕ್ಕುಗಳನ್ನು ಗುರುತಿಸಿ

ಊಹೆಯಿಂದ ಮುನ್ಸೂಚನೆಗೆ ಹೋಗುವ ವಾಕ್ಯದ ರೂಪ ಯಾವಾಗಲೂ ಒಂದೇ: "ಹೀಗಾದರೆ, ಹಾಗೆ." ಉದಾಹರಣೆಗೆ, "ಈ ದ್ರವ ಶುದ್ಧ ನೀರಾದರೆ, ಸಮುದ್ರಮಟ್ಟದ ಸಾಮಾನ್ಯ ವಾಯುಭಾರದಲ್ಲಿ ಅದು ಸುಮಾರು 100 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕುದಿಯುತ್ತದೆ." ಇದರಿಂದ ನಾಲ್ಕು ದಿಕ್ಕಿನಲ್ಲಿ ಓಡಲು ಮನಸ್ಸು ಹವಣಿಸುತ್ತದೆ, ಎರಡು ಮಾತ್ರ ಸರಿ. ದ್ರವ ನೀರೆಂದು ಗೊತ್ತಿದ್ದರೆ 100ಕ್ಕೆ ಕುದಿಯುತ್ತದೆ ಎನ್ನಬಹುದು. 100ಕ್ಕೆ ಕುದಿಯದಿದ್ದರೆ ಅದು ಶುದ್ಧ ನೀರಲ್ಲ ಎನ್ನಬಹುದು. 100ಕ್ಕೆ ಕುದಿಯಿತು, ಆದ್ದರಿಂದ ಅದು ನೀರೇ ಎನ್ನುವಂತಿಲ್ಲ. ಫಾರ್ಮಿಕ್ ಆಮ್ಲ ಕುದಿಯುವುದು ಸುಮಾರು 100.8 ಡಿಗ್ರಿಗೆ; ಸಾಧಾರಣ ಥರ್ಮಾಮೀಟರಿನಲ್ಲಿ ಆ ವ್ಯತ್ಯಾಸ ಕಾಣುವುದೇ ಇಲ್ಲ. ಅದೇ ಕಾರಣಕ್ಕೆ, ಇದು ನೀರಲ್ಲ, ಆದ್ದರಿಂದ 100ರ ಹತ್ತಿರ ಕುದಿಯದು ಎನ್ನುವುದೂ ತಪ್ಪು.

ಮೂರನೆಯ ದಿಕ್ಕು, ಅಂದರೆ ಮುನ್ಸೂಚನೆ ನಿಜವಾದದ್ದರಿಂದ ಊಹೆಯೇ ನಿಜ ಎನ್ನುವುದು, ವಿಜ್ಞಾನದ ಬರವಣಿಗೆಯಲ್ಲಿ ಅತಿ ಹೆಚ್ಚು ಕಾಣುವ ತಪ್ಪು. ತಪ್ಪು ಎಷ್ಟು ಸಹಜ ಎಂಬುದನ್ನು ಮನಶ್ಶಾಸ್ತ್ರಜ್ಞ ಪೀಟರ್ ವೇಸನ್ 1966ರಲ್ಲಿ ನಾಲ್ಕು ಕಾರ್ಡುಗಳ ಒಂದು ಒಗಟಿನಿಂದ ತೋರಿಸಿದರು. ಅದರ ಕನ್ನಡ ರೂಪ ಹೀಗಿರಬಹುದು. ಪ್ರತಿ ಕಾರ್ಡಿನ ಒಂದು ಬದಿ ಅಕ್ಷರ, ಇನ್ನೊಂದು ಬದಿ ಅಂಕೆ. ಮೇಲೆ ಕಾಣುತ್ತಿರುವುದು: ಅ, ಕ, 4, 7. ನಿಯಮ: "ಒಂದು ಬದಿ ಸ್ವರವಿದ್ದರೆ ಇನ್ನೊಂದು ಬದಿ ಸಮಸಂಖ್ಯೆ ಇರುತ್ತದೆ." ನಿಯಮ ಮುರಿದಿದೆಯೇ ಎಂದು ತಿಳಿಯಲು ಯಾವ ಕಾರ್ಡುಗಳನ್ನು ತಿರುಗಿಸಲೇಬೇಕು? ಹೆಚ್ಚಿನವರು "ಅ" ಮತ್ತು "4" ಎನ್ನುತ್ತಾರೆ. ಸರಿಯುತ್ತರ "ಅ" ಮತ್ತು "7". 4ರ ಹಿಂದೆ ಏನಿದ್ದರೂ ನಿಯಮ ಮುರಿಯುವುದಿಲ್ಲ. 7ರ ಹಿಂದೆ ಸ್ವರವಿದ್ದರೆ ಮುರಿಯುತ್ತದೆ.

ನಿಮ್ಮ ಪ್ರಯೋಗದಲ್ಲಿ ಆ "7" ಕಾರ್ಡಿನ ಜಾಗದಲ್ಲಿರುವುದು ಯಾವುದು ಎಂದು ಹಾಳೆಯಲ್ಲಿ ಹೆಸರಿಟ್ಟು ಬರೆಯಿರಿ. "ಈ ರೋಗಾಣು ಇದ್ದರೆ ಈ ಲಕ್ಷಣ ಕಾಣಿಸುತ್ತದೆ" ಎಂಬ ಊಹೆಗೆ ಲಕ್ಷಣ ಇರುವವರನ್ನೇ ಪರೀಕ್ಷಿಸುತ್ತಾ ಹೋಗುವುದು 4ನ್ನು ಮತ್ತೆ ಮತ್ತೆ ತಿರುಗಿಸಿದ ಹಾಗೆ. ಲಕ್ಷಣ ಇಲ್ಲದವರಲ್ಲಿ ರೋಗಾಣು ಹುಡುಕಿದಾಗಲೇ ಊಹೆ ಅಪಾಯಕ್ಕೆ ಒಡ್ಡಿಕೊಳ್ಳುತ್ತದೆ.

ಹಂತ 3: ಎದುರಾಳಿ ಊಹೆಗಳನ್ನು ಒಂದೇ ಪಟ್ಟಿಯಲ್ಲಿ ನಿಲ್ಲಿಸಿ

ಒಂದೇ ಊಹೆಯನ್ನು ಹಿಡಿದು ಹೊರಟವರಿಗೆ ಯಾವ ಅಳತೆ ಮುಖ್ಯ ಎಂದು ತಿಳಿಯುವುದಿಲ್ಲ. ಕನಿಷ್ಠ ಎರಡು, ಸಾಧ್ಯವಾದರೆ ಮೂರು ಊಹೆಗಳನ್ನು ಅಡ್ಡಸಾಲುಗಳಲ್ಲಿ ಬರೆದು, ಮಾಡಬಹುದಾದ ಅಳತೆಗಳನ್ನು ಕಂಬಸಾಲುಗಳಲ್ಲಿ ಬರೆಯಿರಿ. ಪ್ರತಿ ಮನೆಯಲ್ಲಿ ಆ ಊಹೆಯ ಪ್ರಕಾರ ಏನು ಕಾಣಬೇಕು ಎಂದು ತುಂಬಿಸಿ. ಒಂದು ಕಂಬಸಾಲಿನ ಎಲ್ಲ ಮನೆಗಳಲ್ಲೂ ಒಂದೇ ಉತ್ತರ ಬಂದರೆ ಆ ಅಳತೆಯನ್ನು ಮಾಡಬೇಡಿ. ಅದಕ್ಕೆ ಎಷ್ಟೇ ದುಬಾರಿ ಯಂತ್ರ ಬಳಸಿದರೂ ಊಹೆಗಳ ನಡುವೆ ಅದು ಏನನ್ನೂ ತೀರ್ಮಾನಿಸದು.

ಈ ಪಟ್ಟಿಯ ಶಕ್ತಿ ನೋಡಲು ಮ್ಯಾಥ್ಯೂ ಮೆಸೆಲ್ಸನ್ ಮತ್ತು ಫ್ರಾಂಕ್ಲಿನ್ ಸ್ಟಾಲ್ 1958ರಲ್ಲಿ ಪ್ರಕಟಿಸಿದ ಪ್ರಯೋಗಕ್ಕಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ. ಎರಡು ಎಳೆಗಳ ಜೋಡಿಯಾದ ಡಿಎನ್‌ಎ ಅಣು ಪ್ರತಿಯಾಗುವಾಗ ಹಳೆಯ ಎಳೆಗಳಿಗೆ ಏನಾಗುತ್ತದೆ ಎಂಬುದು ಪ್ರಶ್ನೆ. ಊಹೆ ಮೂರು. ಮೊದಲನೆಯದು: ಹಳೆಯ ಜೋಡಿ ಇಡಿಯಾಗಿ ಉಳಿದು, ಹೊಸ ಜೋಡಿ ಪೂರ್ತಿ ಹೊಸದಾಗಿ ಹುಟ್ಟುತ್ತದೆ. ಎರಡನೆಯದು: ಪ್ರತಿ ಹೊಸ ಅಣುವಿನಲ್ಲಿ ಒಂದು ಹಳೆಯ ಎಳೆ, ಒಂದು ಹೊಸ ಎಳೆ. ಮೂರನೆಯದು: ಹಳೆಯದು ತುಂಡುತುಂಡಾಗಿ ಎಲ್ಲ ಎಳೆಗಳಲ್ಲೂ ಹಂಚಿಹೋಗುತ್ತದೆ. ಇ. ಕೋಲೈ ಬ್ಯಾಕ್ಟೀರಿಯಾವನ್ನು ಭಾರದ ನೈಟ್ರೋಜನ್-15 ಇರುವ ಮಾಧ್ಯಮದಲ್ಲಿ ಹಲವು ತಲೆಮಾರು ಬೆಳೆಸಿ, ಒಮ್ಮೆಲೇ ಹಗುರ ನೈಟ್ರೋಜನ್-14ಕ್ಕೆ ಬದಲಿಸಿದರು. ಆಮೇಲೆ ತಲೆಮಾರಿಗೊಮ್ಮೆ ಡಿಎನ್‌ಎ ತೆಗೆದು, ಸೀಸಿಯಂ ಕ್ಲೋರೈಡ್ ದ್ರಾವಣದಲ್ಲಿ ಅತಿವೇಗವಾಗಿ ತಿರುಗಿಸಿ ಸಾಂದ್ರತೆಗೆ ತಕ್ಕಂತೆ ಪಟ್ಟೆಗಳಾಗಿ ಬೇರ್ಪಡಿಸಿದರು.

ಈಗ ಮನೆಗಳನ್ನು ತುಂಬಿಸಿ. ಒಂದು ತಲೆಮಾರು ಕಳೆದಾಗ ಮೊದಲ ಊಹೆಯ ಪ್ರಕಾರ ಎರಡು ಪಟ್ಟೆ ಕಾಣಬೇಕು, ಒಂದು ಭಾರ, ಒಂದು ಹಗುರ; ನಡುವೆ ಏನೂ ಇರಬಾರದು. ಉಳಿದೆರಡರ ಪ್ರಕಾರ ನಡುವೆ ಒಂದೇ ಪಟ್ಟೆ. ಎರಡು ತಲೆಮಾರು ಕಳೆದಾಗ ಎರಡನೆಯ ಊಹೆ ನಡುವೆ ಅರ್ಧ, ಹಗುರದ ಕಡೆ ಅರ್ಧ ಎಂದು ಎರಡು ಪಟ್ಟೆಗಳನ್ನು ಬೇಡುತ್ತದೆ. ಮೂರನೆಯದು ನಡುವಿನಿಂದ ಹಗುರದ ಕಡೆಗೆ ಸರಿದ ಒಂದೇ ಪಟ್ಟೆಯನ್ನು ಬೇಡುತ್ತದೆ. ಕಂಡದ್ದು ಮೊದಲ ತಲೆಮಾರಿನಲ್ಲಿ ನಡುವಿನ ಒಂದೇ ಪಟ್ಟೆ, ಎರಡನೆಯದರಲ್ಲಿ ಸಮನಾದ ಎರಡು ಪಟ್ಟೆ. ಮೊದಲ ಅಳತೆ ಮೊದಲ ಊಹೆಯನ್ನು ಕೆಡವಿತು, ಎರಡನೆಯ ಅಳತೆ ಮೂರನೆಯ ಊಹೆಯನ್ನು. ಒಂದೇ ತಲೆಮಾರಿಗೆ ನಿಲ್ಲಿಸಿದ್ದರೆ "ಎರಡನೆಯ ಊಹೆ ಹೇಳಿದ್ದೇ ಕಂಡಿತು" ಎನ್ನಬಹುದಿತ್ತು. ಆ ಮಾತು ಸುಳ್ಳಾಗುತ್ತಿರಲಿಲ್ಲ, ಆದರೆ ಅದರಿಂದ ಏನೂ ಸಾಬೀತಾಗುತ್ತಿರಲಿಲ್ಲ.

ಇಂಥ ತೆಗೆದುಹಾಕುವ ತರ್ಕ ಪಟ್ಟಿ ಪೂರ್ಣವಾಗಿದ್ದರೆ ಮಾತ್ರ ನಿಲ್ಲುತ್ತದೆ. ಕೊನೆಯ ಸಾಲಾಗಿ "ಇವು ಯಾವುವೂ ಅಲ್ಲ" ಎಂದು ಯಾವಾಗಲೂ ಬರೆದಿಡಿ, ಯಾವ ಫಲಿತಾಂಶ ಬಂದರೆ ಆ ಸಾಲಿಗೆ ಹೋಗಬೇಕಾಗುತ್ತದೆ ಎಂಬುದನ್ನೂ ಬರೆಯಿರಿ. ಮೇಲಿನ ಪ್ರಯೋಗದಲ್ಲಿ ಮೊದಲ ತಲೆಮಾರಿಗೇ ಮೂರು ಪಟ್ಟೆ ಕಂಡಿದ್ದರೆ ಮೂರೂ ಊಹೆಗಳು ಬೀಳುತ್ತಿದ್ದವು.

ಹಂತ 4: ಗೃಹೀತಗಳನ್ನು ಹೊರಗೆಳೆಯಿರಿ

ಊಹೆ ಒಂಟಿಯಾಗಿ ಏನನ್ನೂ ಮುನ್ಸೂಚಿಸುವುದಿಲ್ಲ. ಅದರ ಜೊತೆಗೆ ಉಪಕರಣ ಸರಿಯಿದೆ, ರಾಸಾಯನಿಕ ಶುದ್ಧವಾಗಿದೆ, ವಾಯುಭಾರ ಇಷ್ಟಿದೆ ಎಂಬ ಗೃಹೀತಗಳೂ ಸೇರಿಕೊಂಡೇ ಮುನ್ಸೂಚನೆ ಬರುತ್ತದೆ. ಮುನ್ಸೂಚನೆ ತಪ್ಪಿದಾಗ ತರ್ಕ ಹೇಳುವುದು "ಇವುಗಳಲ್ಲಿ ಒಂದಾದರೂ ಸುಳ್ಳು" ಎಂದಷ್ಟೇ. ಯಾವುದು ಎಂದು ಹೇಳುವುದಿಲ್ಲ. ದ್ರವ 96 ಡಿಗ್ರಿಗೆ ಕುದಿದರೆ ಅದು ನೀರಲ್ಲದಿರಬಹುದು. ನೀರೇ ಆಗಿದ್ದು, ನೀವು ಸಮುದ್ರಮಟ್ಟದಿಂದ ಸಾವಿರ ಮೀಟರಿಗಿಂತ ಎತ್ತರದಲ್ಲಿರಬಹುದು.

ಯುರೇನಸ್ ಗ್ರಹ ಲೆಕ್ಕಕ್ಕೆ ಸರಿಯಾಗಿ ಚಲಿಸದಿದ್ದಾಗ ಎರಡು ದಾರಿಗಳಿದ್ದವು: ನ್ಯೂಟನ್ನನ ಗುರುತ್ವ ನಿಯಮ ತಪ್ಪು, ಅಥವಾ "ನಮಗೆ ಗೊತ್ತಿರುವ ಗ್ರಹಗಳಷ್ಟೇ ಇವೆ" ಎಂಬ ಗೃಹೀತ ತಪ್ಪು. ಫ್ರಾನ್ಸಿನ ಖಗೋಳಶಾಸ್ತ್ರಜ್ಞ ಅರ್ಬೈನ್ ಲೆ ವೆರ್ಯೆ ಎರಡನೆಯದನ್ನು ಹಿಡಿದು, ಕಾಣದ ಗ್ರಹ ಎಲ್ಲಿರಬೇಕೆಂದು ಲೆಕ್ಕ ಹಾಕಿದ. 1846ರ ಸೆಪ್ಟೆಂಬರ್ 23ರ ರಾತ್ರಿ ಬರ್ಲಿನ್ನಿನಲ್ಲಿ ಯೋಹಾನ್ ಗಾಲೆ, ಲೆ ವೆರ್ಯೆ ಹೇಳಿದ್ದ ಜಾಗದಿಂದ ಒಂದು ಡಿಗ್ರಿಯೊಳಗೇ ನೆಪ್ಚೂನನ್ನು ಕಂಡ. ಬುಧಗ್ರಹದ ಕಕ್ಷೆಯೂ ಲೆಕ್ಕಕ್ಕೆ ಹೊಂದದಿದ್ದಾಗ ಲೆ ವೆರ್ಯೆ 1859ರಲ್ಲಿ ಅದೇ ದಾರಿ ಹಿಡಿದು, ಸೂರ್ಯನ ಹತ್ತಿರ ಇನ್ನೂ ಕಾಣದ ವಸ್ತು ಇರಬೇಕೆಂದ. ಅದಕ್ಕೆ ವಲ್ಕನ್ ಎಂದು ಹೆಸರೂ ಬಂತು. ಕಂಡೆವೆಂದವರ ಹೇಳಿಕೆ ಒಂದೂ ದೃಢಪಡಲಿಲ್ಲ. ಬುಧನ ಕಕ್ಷೆಯಲ್ಲಿ ಶತಮಾನಕ್ಕೆ ಸುಮಾರು 43 ಆರ್ಕ್‌ಸೆಕೆಂಡುಗಳಷ್ಟು (ಒಂದು ಆರ್ಕ್‌ಸೆಕೆಂಡ್ ಎಂದರೆ ಒಂದು ಡಿಗ್ರಿ ಕೋನದ 3,600ನೆಯ ಒಂದು ಭಾಗ) ಉಳಿದುಹೋಗಿದ್ದ ವ್ಯತ್ಯಾಸವನ್ನು ವಿವರಿಸಿದ್ದು 1915ರಲ್ಲಿ ಐನ್‌ಸ್ಟೈನ್. ಅಲ್ಲಿ ಬದಲಾಗಬೇಕಿದ್ದದ್ದು ಗುರುತ್ವದ ಸಿದ್ಧಾಂತವೇ.

ಎರಡೂ ಕಡೆ ತರ್ಕದ ರೂಪ ಒಂದೇ, ಹಾಗಾಗಿ ರೂಪ ನೋಡಿ ಯಾವುದು ಸರಿ ಎಂದು ಮೊದಲೇ ಹೇಳಲಾಗುತ್ತಿರಲಿಲ್ಲ. ಆದರೆ ಕೆಲಸಕ್ಕೆ ಬರುವ ನಿಯಮವೊಂದು ಇಲ್ಲಿದೆ: ಊಹೆಯನ್ನು ಉಳಿಸಲು ತಂದ ಹೊಸ ಗೃಹೀತವೂ ತನ್ನದೇ ಆದ ನಿಷೇಧವನ್ನು ಹೊತ್ತಿರಬೇಕು. "ಈ ಜಾಗದಲ್ಲಿ ಗ್ರಹವಿದೆ" ಎನ್ನುವುದು ಅಂಥದ್ದು. ಆ ಜಾಗ ಖಾಲಿಯಿದ್ದರೆ ಅದು ಬೀಳುತ್ತದೆ. "ಏನೋ ಅಡ್ಡ ಬಂದಿರಬೇಕು" ಎನ್ನುವುದು ಅಂಥದ್ದಲ್ಲ.

ಪ್ರಯೋಗಕ್ಕೆ ಮೊದಲು ಐದಾರು ಗೃಹೀತಗಳನ್ನಾದರೂ ಬರೆದು, ಪ್ರತಿಯೊಂದರ ಎದುರು ಅದನ್ನು ಬೇರೆಯಾಗಿ ಪರೀಕ್ಷಿಸುವ ಬಗೆಯನ್ನು ಬರೆಯಿರಿ. ಥರ್ಮಾಮೀಟರ್ ಸರಿಯಿದೆ ಎಂಬುದಕ್ಕೆ ಕರಗುತ್ತಿರುವ ಶುದ್ಧ ಮಂಜುಗಡ್ಡೆಯಲ್ಲಿ 0 ತೋರಿಸುತ್ತದೆಯೇ ನೋಡಿ. ಫಲಿತಾಂಶ ಅಚ್ಚರಿಯದಾದಷ್ಟೂ ಈ ಪಟ್ಟಿಯನ್ನು ಹೆಚ್ಚು ಬಿಗಿಯಾಗಿ ತಪಾಸಿಸಿ. 2011ರಲ್ಲಿ ನ್ಯೂಟ್ರಿನೋಗಳು ಎಂಬ ಸೂಕ್ಷ್ಮ ಕಣಗಳು ಬೆಳಕಿಗಿಂತ ಸುಮಾರು 60 ನ್ಯಾನೋಸೆಕೆಂಡ್ ಬೇಗ ತಲುಪಿದಂತೆ ಒಪೆರಾ ಪ್ರಯೋಗದಲ್ಲಿ ಕಂಡಾಗ, ಸುಳ್ಳಾದದ್ದು ಬೆಳಕಿನ ವೇಗವನ್ನು ಯಾವುದೂ ಮೀರದು ಎನ್ನುವ ಸಾಪೇಕ್ಷತಾ ಸಿದ್ಧಾಂತವಲ್ಲ. ಸರಿಯಾಗಿ ಕೂರದಿದ್ದ ಒಂದು ಆಪ್ಟಿಕಲ್ ಫೈಬರ್ ಕೇಬಲ್ ಕಾಲದ ಅಳತೆಯನ್ನು ಕೆಡಿಸಿತ್ತು.

ಹಂತ 5: ಜೊತೆಗಿರುವುದನ್ನೆಲ್ಲ ಕಾರಣ ಎನ್ನುವ ಮೊದಲು ಉಪಾಧಿಯನ್ನು ಹುಡುಕಿ

ಭಾರತದ ಹಳೆಯ ತರ್ಕಪರಂಪರೆಯಾದ ನ್ಯಾಯಶಾಸ್ತ್ರದವರು ಇದಕ್ಕೆ ಕೊಡುವ ಉದಾಹರಣೆ ಇಂದಿಗೂ ಚೆನ್ನಾಗಿ ಕೆಲಸ ಮಾಡುತ್ತದೆ. ಹೊಗೆ ಇದ್ದಲ್ಲಿ ಬೆಂಕಿ ಇದೆ ಎನ್ನಬಹುದು. ಬೆಂಕಿ ಇದ್ದಲ್ಲೆಲ್ಲ ಹೊಗೆ ಇದೆ ಎನ್ನುವಂತಿಲ್ಲ, ಕಾದು ಕೆಂಪಾದ ಕಬ್ಬಿಣದ ಉಂಡೆಯಲ್ಲಿ ಹೊಗೆಯಿಲ್ಲ. ಬೆಂಕಿಯ ಜೊತೆಗೆ ಹಸಿ ಸೌದೆಯೂ ಸೇರಿದಾಗ ಹೊಗೆ ಬರುತ್ತದೆ. ಆ ಹಸಿ ಸೌದೆಯೇ ಉಪಾಧಿ: ಎರಡರ ಸಂಬಂಧದ ನಡುವೆ ಹೆಸರು ಹೇಳದೆ ಕುಳಿತಿರುವ ಷರತ್ತು.

ಉಪಾಧಿ ಹುಡುಕುವ ಕ್ರಮ ಇಷ್ಟು: ಪರಿಣಾಮ ಇರುವ ಒಂದು ಕಡೆಯನ್ನೂ ಇಲ್ಲದ ಒಂದು ಕಡೆಯನ್ನೂ ಅಕ್ಕಪಕ್ಕ ಇಡಿ, ಎರಡರ ನಡುವಿನ ವ್ಯತ್ಯಾಸಗಳನ್ನೆಲ್ಲ ಬರೆಯಿರಿ, ಒಂದೊಂದನ್ನೇ ಸಮ ಮಾಡುತ್ತಾ ಹೋಗಿ. ವಿಯೆನ್ನಾದ ದೊಡ್ಡಾಸ್ಪತ್ರೆಯಲ್ಲಿ ವೈದ್ಯ ಇಗ್ನಾಸ್ ಸೆಮ್ಮೆಲ್ವೈಸ್ ಮಾಡಿದ್ದು ಇದನ್ನೇ. ಅಲ್ಲಿನ ಎರಡು ಹೆರಿಗೆ ವಿಭಾಗಗಳಲ್ಲಿ 1846ರಲ್ಲಿ ಸತ್ತ ಬಾಣಂತಿಯರ ಪ್ರಮಾಣ ಮೊದಲನೆಯದರಲ್ಲಿ 11.4 ಶೇಕಡಾ, ಎರಡನೆಯದರಲ್ಲಿ 2.8. ಜನಸಂದಣಿ ಕಾರಣವಾಗಿರಲಾರದು, ಎರಡನೆಯದರಲ್ಲೇ ಸಂದಣಿ ಹೆಚ್ಚಿತ್ತು. ಹವೆ ಕಾರಣವಾಗಿರಲಾರದು, ಎರಡಕ್ಕೂ ಅದೇ ಹವೆ. ಹೆರಿಗೆಯ ಭಂಗಿ ಬದಲಿಸಿದರೂ ಸಾವು ಇಳಿಯಲಿಲ್ಲ. ಮೊದಲ ವಿಭಾಗದಲ್ಲಿ ವೈದ್ಯ ವಿದ್ಯಾರ್ಥಿಗಳು ಕಲಿಯುತ್ತಿದ್ದರು, ಎರಡನೆಯದರಲ್ಲಿ ಸೂಲಗಿತ್ತಿಯರು. ವಿದ್ಯಾರ್ಥಿಗಳು ಶವ ಕೊಯ್ದ ಕೈಯಲ್ಲೇ ಹೆರಿಗೆ ಕೋಣೆಗೆ ಬರುತ್ತಿದ್ದರು. 1847ರಲ್ಲಿ ಸಹೋದ್ಯೋಗಿ ಯಾಕೋಬ್ ಕೊಲೆಚ್ಕ ಶವಪರೀಕ್ಷೆಯ ಚೂರಿ ತಾಗಿ ಬಾಣಂತಿಯರನ್ನು ಕೊಲ್ಲುತ್ತಿದ್ದ ಜ್ವರದಂಥದ್ದೇ ಕಾಯಿಲೆಯಿಂದ ತೀರಿಕೊಂಡಾಗ ಊಹೆ ರೂಪ ಪಡೆಯಿತು. ಮೇ ತಿಂಗಳಲ್ಲಿ ಕ್ಲೋರಿನ್ ಸುಣ್ಣದ ದ್ರಾವಣದಲ್ಲಿ ಕೈ ತೊಳೆಯುವುದು ಕಡ್ಡಾಯವಾಯಿತು. ಏಪ್ರಿಲ್‌ನಲ್ಲಿ 18.3 ಶೇಕಡಾ ಇದ್ದ ಸಾವು ಜೂನ್‌ನಲ್ಲಿ 2.2ಕ್ಕೆ ಇಳಿಯಿತು.

ಇಷ್ಟು ದೊಡ್ಡ ಇಳಿಕೆಯಿಂದಲೂ "ಶವದ ಕಣಗಳೇ ಏಕೈಕ ಕಾರಣ" ಎಂದು ಬರುವುದಿಲ್ಲ. ಅದೇ ವರ್ಷ, ಕೊಳೆತ ಗರ್ಭಕೋಶದ ಕ್ಯಾನ್ಸರ್ ಇದ್ದ ಮಹಿಳೆಯೊಬ್ಬರನ್ನು ಪರೀಕ್ಷಿಸಿದ ಕೈಗಳಿಂದ ಕಾಯಿಲೆ ಇತರರಿಗೆ ಹರಡಿದಾಗ, ಜೀವಂತ ದೇಹದ ಕೊಳೆತ ವಸ್ತುವೂ ಕಾರಣವಾಗಬಲ್ಲದು ಎಂದು ಸೆಮ್ಮೆಲ್ವೈಸ್ ಊಹೆಯನ್ನು ಅಗಲಿಸಬೇಕಾಯಿತು.

ಹಂತ 6: ಸಂಭವನೀಯತೆ ಬಂದಾಗ ಎಣಿಕೆಗೆ ಇಳಿಯಿರಿ

"ರೋಗ ಇಲ್ಲದಿದ್ದರೆ ಪರೀಕ್ಷೆ ಪಾಸಿಟಿವ್ ಬರುವುದು ಅಪರೂಪ. ಪಾಸಿಟಿವ್ ಬಂದಿದೆ. ಆದ್ದರಿಂದ ಬಹುಶಃ ರೋಗ ಇದೆ." ಇದು ಎರಡನೆಯ ಹಂತದ ಸರಿಯಾದ ದಿಕ್ಕಿನಂತೆಯೇ ಕಾಣುತ್ತದೆ, ಆದರೆ "ಅಪರೂಪ" ಎಂಬ ಪದ ಒಳಬಂದೊಡನೆ ತರ್ಕ ಮುರಿಯುತ್ತದೆ. ವಾದಿಸುವ ಬದಲು ತಲೆ ಎಣಿಸಿ. 10,000 ಜನರಲ್ಲಿ 10 ಮಂದಿಗೆ ರೋಗವಿದೆ ಎನ್ನಿ. ಪರೀಕ್ಷೆ ರೋಗಿಗಳಲ್ಲಿ 99 ಶೇಕಡಾ ಜನರನ್ನು ಹಿಡಿಯುತ್ತದೆ, ಆರೋಗ್ಯವಂತರಲ್ಲಿ 5 ಶೇಕಡಾ ಜನರಿಗೆ ತಪ್ಪಾಗಿ ಪಾಸಿಟಿವ್ ಎನ್ನುತ್ತದೆ. ಪಾಸಿಟಿವ್ ಬಂದವರು: ರೋಗಿಗಳು ಸುಮಾರು 10, ಆರೋಗ್ಯವಂತರು ಸುಮಾರು 500. ಪಾಸಿಟಿವ್ ಬಂದವರಲ್ಲಿ ನಿಜವಾಗಿ ರೋಗ ಇರುವುದು 2 ಶೇಕಡಾ ಜನರಿಗೆ ಮಾತ್ರ. ಅವರಿಗಷ್ಟೇ ಇನ್ನೊಮ್ಮೆ ಪರೀಕ್ಷೆ ಮಾಡಿ ಮತ್ತೆ ಪಾಸಿಟಿವ್ ಬಂದರೆ ಅದು ಸುಮಾರು 28 ಶೇಕಡಾ, ಮೂರನೆಯ ಬಾರಿಗೆ ಸುಮಾರು 89. ಈ ಏರಿಕೆ ಸಿಗುವುದು ಮೂರು ಪರೀಕ್ಷೆಗಳ ತಪ್ಪುಗಳು ಒಂದಕ್ಕೊಂದು ಸಂಬಂಧವಿಲ್ಲದಿದ್ದರೆ ಮಾತ್ರ. ಒಬ್ಬರ ರಕ್ತದಲ್ಲಿರುವ ಯಾವುದೋ ವಸ್ತುವೇ ತಪ್ಪು ಪಾಸಿಟಿವ್ ಬರಿಸುತ್ತಿದ್ದರೆ ಅದೇ ಪರೀಕ್ಷೆಯನ್ನು ಎಷ್ಟು ಸಲ ಮಾಡಿದರೂ ಅದೇ ತಪ್ಪು ಬರುತ್ತದೆ, ಬೇರೆ ವಿಧಾನದ ಪರೀಕ್ಷೆ ಬೇಕು.

ಹಂತ 7: "ಕಾಣಲಿಲ್ಲ" ಎನ್ನುವಾಗ ಎಷ್ಟು ಸಣ್ಣದು ಕಾಣುತ್ತಿತ್ತು ಎಂದೂ ಬರೆಯಿರಿ

ಭೂಮಿ ಸೂರ್ಯನ ಸುತ್ತ ಸುತ್ತುತ್ತಿದ್ದರೆ ಹತ್ತಿರದ ನಕ್ಷತ್ರಗಳು ವರ್ಷದಲ್ಲಿ ಅತ್ತಿತ್ತ ಸರಿದಂತೆ ಕಾಣಬೇಕು. 16ನೆಯ ಶತಮಾನದಲ್ಲಿ ಖಗೋಳಶಾಸ್ತ್ರಜ್ಞ ಟೈಕೋ ಬ್ರಾಹೆಗೆ ಅದು ಕಾಣಲಿಲ್ಲ. ಅವನ ಅಳತೆಯ ನಿಖರತೆ ಸುಮಾರು 1 ಆರ್ಕ್‌ಮಿನಿಟ್, ಅಂದರೆ 60 ಆರ್ಕ್‌ಸೆಕೆಂಡ್. 1838ರಲ್ಲಿ ಫ್ರೀಡ್ರಿಕ್ ಬೆಸೆಲ್ 61 ಸಿಗ್ನಿ ನಕ್ಷತ್ರ ಹೀಗೆ ಸರಿಯುವುದನ್ನು, ಅಂದರೆ ಅದರ ಪಲ್ಲಟವನ್ನು, ಅಳೆದಾಗ ಬಂದದ್ದು ಸುಮಾರು 0.3 ಆರ್ಕ್‌ಸೆಕೆಂಡ್, ಟೈಕೋನ ಮಿತಿಗಿಂತ ಸುಮಾರು 200 ಪಟ್ಟು ಸಣ್ಣದು. ಟೈಕೋನ ಅಳತೆಯಿಂದ ಸರಿಯಾಗಿ ಬರುವ ತೀರ್ಮಾನ "ಪಲ್ಲಟ 1 ಆರ್ಕ್‌ಮಿನಿಟ್‌ಗಿಂತ ಕಡಿಮೆ" ಎಂಬುದು. ನಿಮ್ಮ ವರದಿಯಲ್ಲೂ "ಪರಿಣಾಮ ಇಲ್ಲ" ಎಂಬ ವಾಕ್ಯ ಇದ್ದರೆ ಅದನ್ನು ಹೊಡೆದುಹಾಕಿ "ಇಷ್ಟಕ್ಕಿಂತ ದೊಡ್ಡ ಪರಿಣಾಮ ಇಲ್ಲ" ಎಂದು ಸಂಖ್ಯೆ ಕೊಟ್ಟು ಬರೆಯಿರಿ.

ಹಂತ 8: ತೀರ್ಮಾನವನ್ನು ಇನ್ನೊಬ್ಬರಿಗೆ ಕೊಟ್ಟು ಒಡೆಯಲು ಹೇಳಿ

ಆಧಾರವಾಕ್ಯಗಳನ್ನು ಒಂದರ ಕೆಳಗೊಂದು ಬರೆದು, ಗೆರೆ ಎಳೆದು, ಕೆಳಗೆ ತೀರ್ಮಾನ ಬರೆಯಿರಿ. ಓದುವವರಿಗೆ ಕೊಡುವ ಕೆಲಸ ಒಂದೇ: ಗೆರೆಯ ಮೇಲಿನದೆಲ್ಲ ನಿಜವಾಗಿದ್ದೂ ಕೆಳಗಿನದು ಸುಳ್ಳಾಗಿರುವ ಸನ್ನಿವೇಶ ಒಂದನ್ನು ಕಲ್ಪಿಸಿ. ಸನ್ನಿವೇಶ ಸಿಕ್ಕಿದರೆ, ಬಿಟ್ಟುಹೋದ ಆಧಾರವಾಕ್ಯ ಯಾವುದು ಎಂದು ಅದೇ ತೋರಿಸಿಕೊಡುತ್ತದೆ.

ಉದಾಹರಣೆಗೆ, ಗೆರೆಯ ಮೇಲೆ: ಕಿಟಕಿಯ ಬಳಿ ಇಟ್ಟ 10 ಸಸಿಗಳ ಒಣತೂಕ ಕೋಣೆಯ ಒಳಭಾಗದ 10 ಸಸಿಗಳದ್ದಕ್ಕಿಂತ ಹೆಚ್ಚು, ಮಣ್ಣು, ನೀರು, ಬೀಜ ಒಂದೇ. ಗೆರೆಯ ಕೆಳಗೆ: ತೂಕ ಹೆಚ್ಚಿದ್ದು ಬೆಳಕಿನಿಂದ. ಒಡೆಯುವ ಸನ್ನಿವೇಶ: ಕಿಟಕಿಯ ಬಳಿ ಶಾಖವೂ ಹೆಚ್ಚು. ಬಿಟ್ಟುಹೋದ ವಾಕ್ಯ: ಎರಡೂ ಕಡೆ ಉಷ್ಣತೆ ಒಂದೇ. ಅದನ್ನು ನಿಜ ಮಾಡಲು 20 ಸಸಿಗಳನ್ನೂ ಕಿಟಕಿಯ ಬಳಿಯೇ ಇಟ್ಟು, ಚೀಟಿ ಎತ್ತಿ ಆರಿಸಿದ 10ಕ್ಕೆ ನೆರಳಿನ ಹೊದಿಕೆ ಹಾಕಬಹುದು. ಹೊದಿಕೆ ತಾನೇ ಗಾಳಿಯನ್ನು ತಡೆದು ಶಾಖ ಹಿಡಿದಿಟ್ಟರೆ ಮತ್ತೆ ಅದೇ ಸಮಸ್ಯೆ. ಆದ್ದರಿಂದ ಉಳಿದ 10ಕ್ಕೂ ಅದೇ ಆಕಾರದ ಪಾರದರ್ಶಕ ಹೊದಿಕೆ ಹಾಕಿ, ಎರಡೂ ಹೊದಿಕೆಗಳೊಳಗೆ ಒಂದೊಂದು ಥರ್ಮಾಮೀಟರ್ ಇಟ್ಟು ದಿನಕ್ಕೆ ಮೂರು ಬಾರಿ ಬರೆದುಕೊಳ್ಳಿ. ಎರಡರ ನಡುವೆ 1 ಡಿಗ್ರಿಗಿಂತ ಹೆಚ್ಚಿನ ಅಂತರ ಬರುತ್ತಲೇ ಇದ್ದರೆ ಹೊದಿಕೆಗಳ ಬುಡದಲ್ಲಿ ಗಾಳಿ ಆಡಲು ಜಾಗ ಬಿಟ್ಟು, ಹೊಸ ಸಸಿಗಳೊಂದಿಗೆ ಮೊದಲಿನಿಂದ ಆರಂಭಿಸಿ.